ಹಿಂಗಾರು ಮತ್ತು ಚಳಿಗಾಲದ ಭಾರಿ ಮಳೆ, ಚಂಡಮಾರುತ, ಆಲಿಕಲ್ಲು: ಮುನ್ಸೂಚನೆಯನ್ನು ಓದುವ ಕ್ರಮ ಹಾಗೂ ಹಾನಿಗೆ ಅರ್ಜಿ ಸಲ್ಲಿಸುವ ವಿಧಾನ

ಸಾರ್ವಜನಿಕರ ಮಾಹಿತಿಗಾಗಿ

ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ರಾಜ್ಯದಲ್ಲಿ ಸುರಿಯುವ ಭಾರಿ ಮಳೆ, ಬಂಗಾಳ ಕೊಲ್ಲಿಯ ಚಂಡಮಾರುತಗಳ ಪರಿಣಾಮ ಹಾಗೂ ಆಲಿಕಲ್ಲು ಮಳೆಯಿಂದ ಬೆಳೆ, ಮನೆ ಅಥವಾ ಜಾನುವಾರು ಹಾನಿಗೊಳಗಾದ ನಾಗರಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಮುಂಗಾರಿನ ಮಳೆಯು ಬೆಳೆಯನ್ನು ಬೆಳೆಸುವ ಮಳೆ. ನವೆಂಬರ್ ತಿಂಗಳ ಮಳೆಯಾದರೋ ಅನೇಕ ಕಡೆ ಕೊಯ್ದು ಹಾಕಿದ ಬೆಳೆಯ ಮೇಲೆ ಬೀಳುವ ಮಳೆ. ತುಮಕೂರು, ಕೋಲಾರ, ಹಾಸನ ಜಿಲ್ಲೆಗಳಲ್ಲಿ ರಾಗಿಯು ಹೊಲದಲ್ಲಿ ಅರಿ ಹಾಕಿದ ಸ್ಥಿತಿಯಲ್ಲಿರುವುದು, ಮಲೆನಾಡಿನಲ್ಲಿ ಭತ್ತದ ಕೊಯ್ಲು ನಡೆಯುವುದು, ಅಡಿಕೆ ಅಂಗಳದಲ್ಲಿ ಒಣಗುವುದು, ಕೊಡಗು ಮತ್ತು ಚಿಕ್ಕಮಗಳೂರಿನಲ್ಲಿ ಅರೇಬಿಕಾ ಕಾಫಿ ಕಣಕ್ಕೆ ಬರುವುದು, ಕಲಬುರಗಿಯಲ್ಲಿ ತೊಗರಿ ಹೂವು-ಕಾಯಿ ಕಟ್ಟುವುದು, ಎಲ್ಲವೂ ಹೆಚ್ಚುಕಡಿಮೆ ಇದೇ ವಾರಗಳಲ್ಲಿ. ಆದುದರಿಂದ ಈ ಅವಧಿಯಲ್ಲಿ ಎಷ್ಟು ಮಳೆ ಬಿದ್ದಿತು ಎಂಬುದಕ್ಕಿಂತ ಯಾವ ದಿನ ಬಿದ್ದಿತು ಎಂಬುದು ಮುಖ್ಯವಾಗುತ್ತದೆ. ಅರ್ಜಿಗಳಲ್ಲಿ ತೊಡಕುಂಟಾಗುವುದೂ ದಿನಾಂಕ ಮತ್ತು ಗಂಟೆಗಳ ಲೆಕ್ಕದಲ್ಲಿಯೇ.

ಋತುಮಾನದ ಮುನ್ಸೂಚನೆ

ಭಾರತ ಹವಾಮಾನ ಇಲಾಖೆಯ ವರ್ಗೀಕರಣದಂತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು, ಜನವರಿ ಮತ್ತು ಫೆಬ್ರವರಿ ಚಳಿಗಾಲ, ಮಾರ್ಚ್‌ನಿಂದ ಮೇ ತಿಂಗಳವರೆಗೆ ಮುಂಗಾರು ಪೂರ್ವ ಅವಧಿ. ರೈತರು ಸ್ವಾತಿ, ವಿಶಾಖ, ಅನುರಾಧ ಎಂದು ನಕ್ಷತ್ರಗಳ ಹೆಸರಿನಲ್ಲಿ ಎಣಿಸುವ ಮಳೆಗಳು ಹಿಂಗಾರಿನೊಳಗೆ ಬರುತ್ತವೆ.

ಹಿಂಗಾರಿನ ಆರಂಭದ ಸುಮಾರಿಗೆ ಸದರಿ ಇಲಾಖೆಯು ದಕ್ಷಿಣ ಭಾರತದ ಹಿಂಗಾರು ಪ್ರದೇಶಕ್ಕಾಗಿ ಋತುಮಾನದ ಮುನ್ಸೂಚನೆಯನ್ನು ಹೊರಡಿಸುತ್ತದೆ. ಈ ಪ್ರದೇಶದಲ್ಲಿ ತಮಿಳುನಾಡು ಮತ್ತು ಪುದುಚೇರಿ, ಕರಾವಳಿ ಆಂಧ್ರ, ರಾಯಲಸೀಮೆ, ಕೇರಳ ಹಾಗೂ ಕರ್ನಾಟಕದ ದಕ್ಷಿಣ ಒಳನಾಡು ಎಂಬ ಐದು ಹವಾಮಾನ ಉಪವಿಭಾಗಗಳು ಸೇರಿವೆ. ಕರ್ನಾಟಕದ ಇನ್ನೆರಡು ಉಪವಿಭಾಗಗಳಾದ ಕರಾವಳಿ ಮತ್ತು ಉತ್ತರ ಒಳನಾಡು ಇದರಲ್ಲಿ ಸೇರಿರುವುದಿಲ್ಲ. ಈ ಮುನ್ಸೂಚನೆಯಲ್ಲಿ ದೀರ್ಘಾವಧಿ ಸರಾಸರಿಯ ಶೇ. 88ರಿಂದ 112ರವರೆಗಿನ ಮಳೆಯನ್ನು 'ವಾಡಿಕೆ' ಎಂದು ಕರೆಯಲಾಗುತ್ತದೆ. 'ವಾಡಿಕೆಗಿಂತ ಹೆಚ್ಚು' ಎಂಬ ಮಾತು ಮೂರು ತಿಂಗಳ ಒಟ್ಟು ಲೆಕ್ಕವೇ ಹೊರತು ಯಾವ ವಾರ, ಯಾವ ತಾಲ್ಲೂಕು ಎಂಬುದನ್ನು ಅದು ಹೇಳುವುದಿಲ್ಲ. ವಾರ್ಷಿಕ ಲೆಕ್ಕಪತ್ರದಲ್ಲಿ ಲಾಭ ತೋರಿಸಿದ ಅಂಗಡಿಯಲ್ಲಿಯೂ ಒಂದು ದಿನ ಗಲ್ಲಾಪೆಟ್ಟಿಗೆ ಖಾಲಿಯಾಗಿರಬಹುದು. ಕೊಯ್ಲಿನ ದಿನವನ್ನು ನಿಶ್ಚಯಿಸಲು ಋತುಮಾನದ ಮುನ್ಸೂಚನೆಯನ್ನು ಅವಲಂಬಿಸದೆ ದೈನಂದಿನ ಮುನ್ಸೂಚನೆಯನ್ನು ನೋಡುವುದು ಸೂಕ್ತ.

ದೈನಂದಿನ ಮುನ್ಸೂಚನೆಯ ಪದಗಳು

ದೈನಂದಿನ ಪ್ರಕಟಣೆಯಲ್ಲಿ ಬಳಸುವ ಪದಗಳಿಗೆ ನಿಗದಿತ ಅರ್ಥವಿರುತ್ತದೆ. 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯಾದಲ್ಲಿ 'ಭಾರಿ', 115.6ರಿಂದ 204.4 ಮಿಲಿಮೀಟರ್ ಆದಲ್ಲಿ 'ಅತಿ ಭಾರಿ', ಅದನ್ನೂ ಮೀರಿದಲ್ಲಿ 'ಅತ್ಯಂತ ಭಾರಿ' ಮಳೆ ಎನ್ನಲಾಗುತ್ತದೆ. ಇವು ಪ್ರಮಾಣವನ್ನು ಹೇಳುವ ಪದಗಳು. ವ್ಯಾಪ್ತಿಯನ್ನು ಹೇಳುವ ಪದಗಳು ಬೇರೆ. ಒಂದೆರಡು ಕಡೆ ಎಂದರೆ ಆ ಉಪವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರಷ್ಟು ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಮಳೆ. ಕೆಲವು ಕಡೆ ಎಂದರೆ ಶೇ. 26ರಿಂದ 50; ಹಲವು ಕಡೆ ಎಂದರೆ ಶೇ. 51ರಿಂದ 75, ಬಹುತೇಕ ಕಡೆ ಎಂದರೆ ಶೇ. 75ಕ್ಕಿಂತ ಹೆಚ್ಚು. "ಒಂದೆರಡು ಕಡೆ ಭಾರಿ ಮಳೆ" ಎಂಬ ಪ್ರಕಟಣೆಯನ್ನು ಓದಿ, ಒಂದೆರಡು ಕಡೆ ಎಂದ ಮೇಲೆ ನಮ್ಮೂರಿಗೆ ಚಿಂತೆಯಿಲ್ಲ ಎಂದು ಭಾವಿಸುವವರುಂಟು. ಆ ಒಂದೆರಡು ಕಡೆ ಯಾವುದು ಎಂಬುದು ಮಳೆ ಬಿದ್ದ ಮೇಲೆಯೇ ತಿಳಿಯುತ್ತದೆ.

ಬಣ್ಣಗಳ ವಿಷಯದಲ್ಲಿಯೂ ತಪ್ಪು ಗ್ರಹಿಕೆಯಿದೆ. ಹಸಿರು ಎಂದರೆ ಎಚ್ಚರಿಕೆ ಇಲ್ಲ, ಹಳದಿ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಬಣ್ಣವನ್ನು ನಿರ್ಧರಿಸುವಾಗ ಮಳೆಯ ಪ್ರಮಾಣದೊಂದಿಗೆ ಅದರಿಂದಾಗಬಹುದಾದ ಪರಿಣಾಮವನ್ನೂ ಪರಿಗಣಿಸಲಾಗುತ್ತದೆ. ಆದರೆ ಅದು ಇಡೀ ಜಿಲ್ಲೆಗೆ ಕೊಡುವ ಸೂಚನೆ. ಹೊಲದಲ್ಲಿ ಅರಿ ಹಾಕಿದ ರಾಗಿಯುಳ್ಳವರಿಗೆ 30 ಮಿಲಿಮೀಟರ್ ಮಳೆಯೂ ನಷ್ಟವೇ. ಅಂತಹವರು ಹಳದಿ ಸೂಚನೆ ಬಂದ ದಿನವೇ ಅರಿಯನ್ನು ಎತ್ತಿ ಮೆದೆ ಒಟ್ಟುವುದು ಒಳಿತು. ಕೆಂಪು ಬಣ್ಣಕ್ಕಾಗಿ ಕಾಯತಕ್ಕದ್ದಲ್ಲ.

ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಮಳೆಯ ದಿನವು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಎಣಿಕೆಯಾಗುತ್ತದೆ. ನವೆಂಬರ್ 19ರ ರಾತ್ರಿ ಸುರಿದ ಮಳೆಯು ದಾಖಲೆಯಲ್ಲಿ ನವೆಂಬರ್ 20ರ ಮಳೆಯಾಗಿ ಕಾಣುತ್ತದೆ. ಅರ್ಜಿಯಲ್ಲಿ '19' ಎಂದೂ ಮಳೆಮಾಪನ ದಾಖಲೆಯಲ್ಲಿ '20' ಎಂದೂ ಇದ್ದಲ್ಲಿ ಸುಳ್ಳು ಹೇಳಿದಂತಲ್ಲ. ಆದಾಗ್ಯೂ '19ರ ರಾತ್ರಿ ಇಷ್ಟು ಗಂಟೆಯಿಂದ' ಎಂದು ಸಮಯವನ್ನು ಬರೆದಲ್ಲಿ ಪರಿಶೀಲನೆ ಸುಲಭವಾಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದೂರಸಂವೇದಿ ಮಳೆಮಾಪನ ಯಂತ್ರಗಳನ್ನು ಅಳವಡಿಸಿರುವುದರಿಂದ ತಾಲ್ಲೂಕು ಕೇಂದ್ರದ ಅಂಕಿಅಂಶವನ್ನಷ್ಟೇ ಅವಲಂಬಿಸುವ ಅವಶ್ಯಕತೆ ಇರುವುದಿಲ್ಲ.

ಚಂಡಮಾರುತ: ಕರಾವಳಿ ದಾಟಿದ ನಂತರದ ಅಪಾಯ

ಬಂಗಾಳ ಕೊಲ್ಲಿಯಲ್ಲಿ ಉಂಟಾದ ವಾಯುಭಾರ ಕುಸಿತದ ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ತಲುಪಿದಾಗ ಅದು ಚಂಡಮಾರುತವಾಗುತ್ತದೆ. ಆಗ ಅದಕ್ಕೆ ಹೆಸರಿಡಲಾಗುತ್ತದೆ. ತಮಿಳುನಾಡು ಅಥವಾ ಆಂಧ್ರದ ತೀರವನ್ನು ದಾಟಿದ ಮೇಲೆ ಗಾಳಿಯ ಬಲ ಕುಗ್ಗುತ್ತದೆ, ಹೆಸರೂ ಸುದ್ದಿಯಿಂದ ಮರೆಯಾಗುತ್ತದೆ. ಕರ್ನಾಟಕದ ಮಟ್ಟಿಗೆ ಮಳೆ ಆರಂಭವಾಗುವುದೇ ಆಗ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಸಮೀಪ ತೀರ ದಾಟಿದ ಫೆಂಗಲ್ ಚಂಡಮಾರುತವು ದುರ್ಬಲಗೊಂಡು ಪಶ್ಚಿಮಕ್ಕೆ ಸರಿಯಿತು. ಡಿಸೆಂಬರ್ ಮೊದಲ ದಿನಗಳಲ್ಲಿ ಬೆಂಗಳೂರು ಮತ್ತು ದಕ್ಷಿಣ ಒಳನಾಡಿನಲ್ಲಿ ಬಿಟ್ಟುಬಿಡದೆ ಮಳೆ ಸುರಿಯಿತು. ನಂತರ ಮಳೆ ಅರಬ್ಬೀ ಸಮುದ್ರದ ಕಡೆಗೆ ಸರಿದಾಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಡಿಸೆಂಬರ್ 3ರಂದು ಶಾಲೆಗಳಿಗೆ ರಜೆ ಘೋಷಿಸಬೇಕಾಯಿತು. 2021ರ ನವೆಂಬರ್‌ನಲ್ಲಿ ಹೆಸರಿರುವ ಚಂಡಮಾರುತ ಅಪ್ಪಳಿಸದಿದ್ದರೂ ಸತತ ವಾಯುಭಾರ ಕುಸಿತಗಳಿಂದ ರಾಗಿ, ಭತ್ತ, ಕಾಫಿ ಬೆಳೆಗಳು ನೀರುಪಾಲಾದವು, ಯಲಹಂಕದ ವಸತಿ ಸಮುಚ್ಚಯದಿಂದ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಹೆಸರಿಲ್ಲದ ಮಳೆಯನ್ನು ಕಡೆಗಣಿಸಬಾರದೆಂಬುದಕ್ಕೆ ಇಷ್ಟು ಸಾಕು.

ಹವಾಮಾನ ಇಲಾಖೆಯ ಚಂಡಮಾರುತ ಸೂಚನೆಯು ನಾಲ್ಕು ಹಂತಗಳಲ್ಲಿ ಬರುತ್ತದೆ: ಕರಾವಳಿಯಲ್ಲಿ ಪ್ರತಿಕೂಲ ಹವೆ ಆರಂಭವಾಗುವ 72 ಗಂಟೆ, 48 ಗಂಟೆ ಹಾಗೂ 24 ಗಂಟೆ ಮೊದಲು ಮೂರು ಸೂಚನೆಗಳು, ತೀರ ದಾಟುವ ಸುಮಾರು 12 ಗಂಟೆ ಮೊದಲು 'ಭೂಸ್ಪರ್ಶೋತ್ತರ ಮುನ್ನೋಟ'. ಒಳನಾಡಿನ ಜಿಲ್ಲೆಗಳಿಗೆ ಸಂಬಂಧಿಸಿದ್ದು ಈ ನಾಲ್ಕನೆಯದು. ಮೀನುಗಾರರಾದರೋ ಮೊದಲ ಸೂಚನೆಯಲ್ಲಿಯೇ ದಡ ಸೇರತಕ್ಕದ್ದು. 2017ರ ನವೆಂಬರ್ ಅಂತ್ಯದಲ್ಲಿ ಓಖಿ ಚಂಡಮಾರುತವು ಕೇರಳ ಮತ್ತು ತಮಿಳುನಾಡಿನ ಮೀನುಗಾರರನ್ನು ಆಳಸಮುದ್ರದಲ್ಲಿಯೇ ಸಿಲುಕಿಸಿತ್ತು.

ಆಲಿಕಲ್ಲು ಮತ್ತು ಶೀತಗಾಳಿ

ರಾಜ್ಯದಲ್ಲಿ ಹಿಮ ಬೀಳುವುದಿಲ್ಲ. ಇಲ್ಲಿ ಮಂಜುಗಡ್ಡೆಯ ರೂಪದಲ್ಲಿ ಹಾನಿ ಮಾಡುವುದು ಆಲಿಕಲ್ಲು. ಇದು ಹಿಂಗಾರಿನ ಜಿನುಗು ಮಳೆಯಲ್ಲಿ ಅಪರೂಪ. ನೆಲ ಕಾಯತೊಡಗಿ ಬಿಸಿಗಾಳಿ ರಭಸದಿಂದ ಮೇಲೇರಿದಾಗ ಗುಡುಗುಮೋಡದೊಳಗೆ ನೀರಹನಿಗಳು ಘನೀಭವಿಸುವ ಎತ್ತರಕ್ಕೆ ಒಯ್ಯಲ್ಪಟ್ಟು, ಪದರ ಪದರವಾಗಿ ಬೆಳೆದು, ಗಾಳಿಯು ಹೊರಲಾರದಷ್ಟು ತೂಕವಾದಾಗ ಕೆಳಗೆ ಬೀಳುತ್ತವೆ. ಆದುದರಿಂದಲೇ ಫೆಬ್ರವರಿ ಅಂತ್ಯದಿಂದ ಮೇ ತಿಂಗಳವರೆಗೆ ಇದರ ಭಯ ಹೆಚ್ಚು. ವಿಜಯಪುರದ ದ್ರಾಕ್ಷಿ, ಬಾಗಲಕೋಟೆಯ ದಾಳಿಂಬೆ, ಕೋಲಾರದ ಮಾವು ಆಗ ಫಸಲಿನ ಹಂತದಲ್ಲಿರುತ್ತವೆ. 2014ರ ಫೆಬ್ರವರಿ ಅಂತ್ಯ ಮತ್ತು ಮಾರ್ಚ್‌ನಲ್ಲಿ ಮಹಾರಾಷ್ಟ್ರದೊಂದಿಗೆ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿಯೂ ದಿನಗಟ್ಟಲೆ ಆಲಿಕಲ್ಲು ಸುರಿದು ತೋಟಗಾರಿಕೆ ಬೆಳೆಗಳು ನಾಶವಾದವು. ಆಲಿಕಲ್ಲು ಯಾವ ಹೊಲದ ಮೇಲೆ ಬೀಳುವುದೆಂದು ದಿನದ ಮೊದಲೇ ಹೇಳಲಾಗದು. ಕೆಲವೇ ಗಂಟೆಗಳ ಅವಧಿಗೆ ನೀಡುವ ತತ್ಕಾಲ ಮುನ್ಸೂಚನೆಯೇ ಆಧಾರ. ಸಿಡಿಲಿನ ಮಾಹಿತಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಮೊಬೈಲ್ ತಂತ್ರಾಂಶವಿದೆ.

ಬೀದರ್ ಮತ್ತು ವಿಜಯಪುರದ ಕಡೆ ಡಿಸೆಂಬರ್-ಜನವರಿಯಲ್ಲಿ ಶೀತಗಾಳಿಯ ಸೂಚನೆ ಬರುವುದುಂಟು. ವೃದ್ಧರು ಮತ್ತು ಎಳೆಯ ಕರುಗಳ ಬಗ್ಗೆ ಜಾಗ್ರತೆ ವಹಿಸುವುದು.

ಪರಿಹಾರ ಬೇರೆ, ವಿಮೆ ಬೇರೆ

ಈ ಎರಡನ್ನೂ ಒಂದೇ ಎಂದು ತಿಳಿದು ಒಂದು ಕಡೆ ಅರ್ಜಿ ಕೊಟ್ಟು ಸುಮ್ಮನಾಗುವ ರೈತರು ಬಹಳ. ವಿಪತ್ತು ಪರಿಹಾರವು ಸರ್ಕಾರದ ನೆರವು, ಕಂತು ಕಟ್ಟಿರಬೇಕಾಗಿಲ್ಲ. ಬೆಳೆ ವಿಮೆಯು ಕರಾರು. ಅದರಲ್ಲಿ ಗಡುವು ಮೀರಿದರೆ ಹಕ್ಕು ಹೋಗುತ್ತದೆ.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು 2016ರ ಮುಂಗಾರಿನಿಂದ ಜಾರಿಯಲ್ಲಿದೆ. ಇದರಡಿ ಆಲಿಕಲ್ಲು, ಭೂಕುಸಿತ, ಮೇಘಸ್ಫೋಟದಂತಹ ಸ್ಥಳೀಯ ವಿಕೋಪಗಳಿಂದ ಹಾನಿಯಾದಲ್ಲಿ 72 ಗಂಟೆಗಳೊಳಗೆ ತಿಳಿಸತಕ್ಕದ್ದು. ಕೊಯ್ದ ನಂತರ ಹೊಲದಲ್ಲಿಯೇ ಒಣಗಲು ಹರಡಿದ ಅಥವಾ ಸಣ್ಣ ಕಂತೆ ಕಟ್ಟಿದ ಅಧಿಸೂಚಿತ ಬೆಳೆಯು ಕೊಯ್ಲಿನಿಂದ 14 ದಿನಗಳೊಳಗೆ ಚಂಡಮಾರುತದ ಮಳೆ, ಅಕಾಲಿಕ ಮಳೆ ಅಥವಾ ಆಲಿಕಲ್ಲಿನಿಂದ ಹಾಳಾದಲ್ಲಿಯೂ ಇದೇ 72 ಗಂಟೆಗಳ ನಿಯಮ ಅನ್ವಯಿಸುತ್ತದೆ. ಮನೆಗೆ ಅಥವಾ ಮಾರುಕಟ್ಟೆಗೆ ಸಾಗಿಸಿದ ಉತ್ಪನ್ನಕ್ಕೆ ಈ ರಕ್ಷಣೆ ಇರುವುದಿಲ್ಲ. ಆದ ಕಾರಣ ಕೊಯ್ಲು ಆರಂಭಿಸಿದ ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಾದರೂ ಗುರುತು ಮಾಡಿಟ್ಟುಕೊಳ್ಳುವುದು. 14447 ಸಂಖ್ಯೆಗೆ ಕರೆ ಮಾಡಿ, ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತಿಳಿಸಬಹುದು. ಸರ್ವೆ ನಂಬರು, ಬೆಳೆ, ಹಾನಿಯಾದ ವಿಸ್ತೀರ್ಣ, ಕಾರಣ ಮತ್ತು ವಿಮಾ ಅರ್ಜಿ ಸಂಖ್ಯೆಯನ್ನು ಹೇಳತಕ್ಕದ್ದು. ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು. ಭಾನುವಾರ ಅಥವಾ ಹಬ್ಬವೆಂದು 72 ಗಂಟೆ ನಿಲ್ಲುವುದಿಲ್ಲ.

ವಿಪತ್ತು ಪರಿಹಾರದಲ್ಲಿ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾಗಿರಬೇಕು. 2022-23ರಿಂದ 2025-26ರ ಅವಧಿಗೆ ನಿಗದಿಯಾದ ರಾಷ್ಟ್ರೀಯ ಮಾರ್ಗಸೂಚಿಯಂತೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ ರೂ. 8,500, ನೀರಾವರಿ ಬೆಳೆಗೆ ರೂ. 17,000, ಬಹುವಾರ್ಷಿಕ ಬೆಳೆಗೆ ರೂ. 22,500, ಗರಿಷ್ಠ ಮಿತಿ 2 ಹೆಕ್ಟೇರ್, ಅಂದರೆ ಸುಮಾರು 4 ಎಕರೆ 38 ಗುಂಟೆ. ಈ ದರದಲ್ಲಿ ಎರಡು ಎಕರೆ ಖುಷ್ಕಿ ರಾಗಿಗೆ ಬರುವುದು ಸುಮಾರು ರೂ. 6,880. ಇದು ಬೆಳೆಯ ಬೆಲೆಯಲ್ಲ, ಮುಂದಿನ ಬಿತ್ತನೆಗೆ ಕೊಡುವ ಹೂಡುವಳಿ ಸಹಾಯಧನ ಮಾತ್ರ. ರಾಜ್ಯ ಸರ್ಕಾರವು ತನ್ನ ಪಾಲನ್ನು ಸೇರಿಸಿ ಹೆಚ್ಚಿಸುವುದುಂಟು. 2021ರ ಡಿಸೆಂಬರ್‌ನಲ್ಲಿ ಆಗಿನ ರೂ. 6,800ರ ಖುಷ್ಕಿ ದರವನ್ನು ರೂ. 13,600ಕ್ಕೆ ಏರಿಸಲಾಗಿತ್ತು. ಅರ್ಜಿ ಸಲ್ಲಿಸುವಾಗ ಜಾರಿಯಲ್ಲಿರುವ ದರವನ್ನು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸುವುದು.

ಕಂದಾಯ, ಕೃಷಿ ಮತ್ತು ತೋಟಗಾರಿಕೆ ಸಿಬ್ಬಂದಿ ಜಂಟಿ ಸಮೀಕ್ಷೆ ನಡೆಸಿ 'ಪರಿಹಾರ' ತಂತ್ರಾಂಶದಲ್ಲಿ ದಾಖಲಿಸುತ್ತಾರೆ. ಹಣವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಹಣ ಬಾರದಿರುವುದಕ್ಕೆ ಹಾನಿಯ ಬಗ್ಗೆ ಅನುಮಾನವೇ ಕಾರಣವಾಗಿರಬೇಕೆಂದಿಲ್ಲ. ದಾಖಲೆಗಳ ಅಸಂಗತತೆಯೂ ಕಾರಣವಾಗುತ್ತದೆ. ಬೆಳೆ ಸಮೀಕ್ಷೆಯಲ್ಲಿ ರಾಗಿಯ ಬದಲು ಬೇರೆ ಬೆಳೆ ನಮೂದಾಗಿರುವುದು, ರೈತರ 'ಫ್ರೂಟ್ಸ್' ಗುರುತಿನ ಸಂಖ್ಯೆಗೆ ಎಲ್ಲಾ ಸರ್ವೆ ನಂಬರುಗಳು ಸೇರದಿರುವುದು, ಪಹಣಿಯು ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಮುಂದುವರಿದಿರುವುದು ಇವುಗಳನ್ನು ಮಳೆಗೆ ಮೊದಲೇ ಸರಿಪಡಿಸಿಕೊಳ್ಳಬಹುದು. ಪೌತಿ ಖಾತೆಯನ್ನು ಮುಂದೂಡುತ್ತಾ ಬಂದ ಕುಟುಂಬಗಳು ಇಂತಹ ವರ್ಷದಲ್ಲಿಯೇ ಪರದಾಡುತ್ತವೆ.

ಮನೆ, ಜಾನುವಾರು

ಗೋಡೆ ಕುಸಿದಲ್ಲಿ ತೆರವುಗೊಳಿಸುವ ಮೊದಲು ಛಾಯಾಚಿತ್ರ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸುವುದು. ವಾಸಕ್ಕೆ ಅಪಾಯವಿದ್ದಲ್ಲಿ ಮಹಜರಿಗಾಗಿ ಕಾಯುತ್ತಾ ಅದೇ ಮನೆಯಲ್ಲಿ ಮಲಗತಕ್ಕದ್ದಲ್ಲ. ಜಾನುವಾರು ಮೃತಪಟ್ಟಲ್ಲಿ ಹೂಳುವುದಕ್ಕೆ ಮುಂಚೆ ಪಶುವೈದ್ಯರ ದೃಢೀಕರಣ ಪಡೆಯುವುದು ಅವಶ್ಯ.

ತುರ್ತು ಸಂದರ್ಭದಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿಯ 1077 ಅಥವಾ 112 ಸಂಖ್ಯೆಗೆ ಕರೆ ಮಾಡಬಹುದು. ಫಲಾನುಭವಿಗಳ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದ್ದಲ್ಲಿ ಪಹಣಿ, ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿ ಹಾಗೂ ಹಾನಿಯ ಛಾಯಾಚಿತ್ರದೊಂದಿಗೆ ನಾಡಕಚೇರಿ ಅಥವಾ ತಹಶೀಲ್ದಾರ್ ಕಚೇರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಲು ಕೋರಲಾಗಿದೆ.