ಮಂಜುಗಡ್ಡೆಯ ಮೇಲೊಂದು ಗಡಿರೇಖೆ

2021ರ ಜನವರಿಯಲ್ಲಿ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಸಂಸ್ಥೆ 'ನ್ಯಾಷನಲ್ ಹಾಕಿ ಲೀಗ್' ತನ್ನ ತಂಡಗಳನ್ನು ದೇಶವಾರು ಬೇರ್ಪಡಿಸಿತು. ಕೆನಡಾದ ಏಳೂ ತಂಡಗಳು ಒಂದೇ ವಿಭಾಗಕ್ಕೆ ಸೇರಿದವು. ಕೋವಿಡ್‌ನಿಂದಾಗಿ ಅಮೆರಿಕ–ಕೆನಡಾ ಗಡಿ 2020ರ ಮಾರ್ಚ್‌ನಿಂದಲೇ ಮುಚ್ಚಿದ್ದು, ಅನಿವಾರ್ಯ ಪ್ರಯಾಣಕ್ಕೆ ಮಾತ್ರ ಅವಕಾಶವಿತ್ತು.

ಆದರೆ ಈ ಏರ್ಪಾಡು ಹೊಸದೇನಲ್ಲ. 1926ರಲ್ಲಿಯೇ ಲೀಗ್ 'ಕೆನಡಾ ವಿಭಾಗ', 'ಅಮೆರಿಕ ವಿಭಾಗ' ಎಂದು ಇಬ್ಭಾಗವಾಗಿತ್ತು. ಆ ಗಡಿರೇಖೆ ಮಾತ್ರ ವಿಚಿತ್ರವಾಗಿತ್ತು.

ಮಂಜುಗಡ್ಡೆಯ ಹಾಕಿ ಕೆನಡಾದ ಮನೆಯ ಆಟ. ಲೀಗ್ ಹುಟ್ಟಿದ್ದು 1917ರಲ್ಲಿ, ಮಾಂಟ್ರಿಯಲ್‌ನ ಹೋಟೆಲೊಂದರಲ್ಲಿ. ಅಮೆರಿಕದ ಮೊದಲ ತಂಡವಾಗಿ ಬಾಸ್ಟನ್ ಸೇರಿದ್ದು 1924ರಲ್ಲಿ. ಎರಡೇ ವರ್ಷದಲ್ಲಿ ಲೆಕ್ಕ ತಲೆಕೆಳಗಾಗಿ, ಹತ್ತು ತಂಡಗಳ ಪೈಕಿ ಆರು ಅಮೆರಿಕದವಾದವು. ತಲಾ ಐದರಂತೆ ಹಂಚುವಾಗ ಕೆನಡಾ ವಿಭಾಗಕ್ಕೆ ಒಂದು ತಂಡ ಕಡಿಮೆ ಬಿತ್ತು. ಆ ಜಾಗ ತುಂಬಿದ್ದು ನ್ಯೂಯಾರ್ಕ್‌ನ ಒಂದು ತಂಡ. ಅದರ ಹೆಸರೋ, 'ಅಮೆರಿಕನ್ಸ್'!

ಈ ತಂಡದ ಮೂಲ ಕೆನಡಾದ ಹ್ಯಾಮಿಲ್ಟನ್ ಎಂಬ ಊರಿನಲ್ಲಿದೆ. ಪಂದ್ಯಗಳ ಸಂಖ್ಯೆ 24ರಿಂದ 30ಕ್ಕೆ ಏರಿದರೂ ಸಂಬಳ ಏರಲಿಲ್ಲವೆಂದು ಅಲ್ಲಿನ ಆಟಗಾರರು 1925ರಲ್ಲಿ ಮುಷ್ಕರ ಹೂಡಿದರು. ಅವರು ಕೇಳಿದ್ದು ತಲಾ 200 ಡಾಲರ್. ಆಗ ಅಗ್ರಸ್ಥಾನದಲ್ಲಿದ್ದ ತಂಡವನ್ನೇ ಲೀಗ್ ಅಮಾನತುಗೊಳಿಸಿತು. ಬಳಿಕ ಆಟಗಾರರನ್ನು ನ್ಯೂಯಾರ್ಕ್ ಕೊಂಡುಕೊಂಡಿತು. ಹ್ಯಾಮಿಲ್ಟನ್ ತನ್ನ ತಂಡವನ್ನು ಕಳೆದುಕೊಂಡಿತು.

ವಿಭಾಗಗಳ ಹೆಸರಿನಲ್ಲಿ ದೇಶವಿತ್ತು. ನಿಜವಾಗಿ ಬೇರ್ಪಟ್ಟದ್ದು ದೊಡ್ಡ ನಗರಗಳು ಮತ್ತು ಸಣ್ಣ ನಗರಗಳು. ಅಮೆರಿಕದ ತಂಡಗಳಲ್ಲಿ ಆಡುತ್ತಿದ್ದವರೂ ಬಹುಪಾಲು ಕೆನಡಾದವರೇ.

ಇದರ ಬಿಸಿ ಹೆಚ್ಚಾಗಿ ತಟ್ಟಿದ್ದು ಒಟ್ಟಾವ ನಗರಕ್ಕೆ. 1927ರಲ್ಲಿ ಬಾಸ್ಟನ್ ತಂಡವನ್ನು ಸೋಲಿಸಿ ಸ್ಟಾನ್ಲಿ ಕಪ್ ಗೆದ್ದ ತಂಡ ಅದು. ಆದರೆ ಊರು ಚಿಕ್ಕದು, ಮೇಲೆ ಆರ್ಥಿಕ ಮುಗ್ಗಟ್ಟು. 1934ರಲ್ಲಿ ತಂಡ ಅಮೆರಿಕದ ಸೇಂಟ್ ಲೂಯಿಸ್‌ಗೆ ಗುಳೆ ಹೋಯಿತು. ಅಲ್ಲಿ ಹೋದ ಮೇಲೂ ಅದು ಉಳಿದದ್ದು ಕೆನಡಾ ವಿಭಾಗದಲ್ಲಿಯೇ! ಮಾಂಟ್ರಿಯಲ್, ಟೊರೊಂಟೊಗಳಿಗೆ ರೈಲಿನಲ್ಲಿ ಅಲೆದು ಕೈಸುಟ್ಟುಕೊಂಡ ತಂಡ ಒಂದೇ ಋತುವಿನಲ್ಲಿ ಬಾಗಿಲು ಹಾಕಿತು. 1938ರಲ್ಲಿ ಮಾಂಟ್ರಿಯಲ್ ಮರೂನ್ಸ್ ಕೂಡ ನಿಂತಾಗ ವಿಭಾಗಗಳೇ ರದ್ದಾದವು. 1942ರ ಹೊತ್ತಿಗೆ ಲೀಗ್‌ನಲ್ಲಿ ಉಳಿದ ಆರು ತಂಡಗಳಲ್ಲಿ ಕೆನಡಾದವು ಎರಡೇ.

2021ರಲ್ಲಿ ಗೆರೆ ನೇರವಾಗಿತ್ತು. ಕೆನಡಾದ ಗುಂಪಿನಲ್ಲಿ ನಾಲ್ಕನೆಯದಾಗಿದ್ದ ಮಾಂಟ್ರಿಯಲ್ ಕನೇಡಿಯನ್ಸ್ ಮೊದಲು ಟೊರೊಂಟೊವನ್ನೂ ನಂತರ ವಿನಿಪೆಗ್‌ನ್ನೂ ಸೋಲಿಸಿತು. ಸೆಮಿಫೈನಲ್‌ನಲ್ಲಿ ಲಾಸ್ ವೇಗಾಸ್ ತಂಡವನ್ನು ಎದುರಿಸಲು ಗಡಿ ದಾಟಬೇಕಾದಾಗ ಕೆನಡಾ ಸರ್ಕಾರವೇ ಕ್ವಾರಂಟೈನ್‌ನಿಂದ ವಿನಾಯಿತಿ ನೀಡಿತು. ಫೈನಲ್ ಪಂದ್ಯಗಳಿಗೆ ಮಾಂಟ್ರಿಯಲ್ ಕ್ರೀಡಾಂಗಣದೊಳಗೆ ಬಿಟ್ಟದ್ದು 3,500 ಮಂದಿಯನ್ನು ಮಾತ್ರ. ಕಪ್ ಅಮೆರಿಕದ ಟ್ಯಾಂಪಾ ಬೇ ಪಾಲಾಯಿತು. ಅಕ್ಟೋಬರ್‌ನಲ್ಲಿ ಹೊಸ ಋತು ಆರಂಭವಾದಾಗ ತಂಡಗಳು ತಮ್ಮ ಹಳೆಯ ವಿಭಾಗಗಳಿಗೆ ಮರಳಿದ್ದವು.