ತೋಟದ ಮನೆಯ ಚಾರ್ಜರ್, ಊರಿನ ಟಿ.ಸಿ.

ಮನೆಯಲ್ಲೇ ವಾಹನ ಚಾರ್ಜ್ ಮಾಡುವುದು ಕರ್ನಾಟಕಕ್ಕೆ ಹೊಸದಲ್ಲ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರು ಮನೆಯ 15 ಆಂಪಿಯರ್ ಪ್ಲಗ್ಗಿನಿಂದಲೇ ಚಾರ್ಜ್ ಆಗುತ್ತಿತ್ತು. ಕಾರುಗಳು ವಿರಳವಾಗಿದ್ದವು, ಲೈನಿನ ಗತಿಯೇನೆಂದು ಯಾರೂ ಕೇಳಬೇಕಾಗಿರಲಿಲ್ಲ. 2017ರಲ್ಲಿ ರಾಜ್ಯ ದೇಶದಲ್ಲೇ ಮೊದಲಿಗೆ ವಿದ್ಯುತ್ ವಾಹನ ನೀತಿ ತಂದಾಗಲೂ ಗಮನವೆಲ್ಲ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಮೇಲಿತ್ತು. ಬ್ಯಾಟರಿ ಸ್ಕೂಟರ್‌ಗಳು ಹಳ್ಳಿಗೂ ಬಂದ ಮೇಲೆ ಮನೆಯ ಪ್ಲಗ್ ಲೆಕ್ಕಕ್ಕೆ ಬಂತು.

ಮೊದಲು ಎಲ್ಲೆಡೆ ಕೇಳಿಬಂದ ಪ್ರಶ್ನೆ ಇಷ್ಟೇ: ಇಷ್ಟು ವಾಹನಗಳಿಗೆ ಸಾಕಾಗುವಷ್ಟು ವಿದ್ಯುತ್ ಉತ್ಪಾದನೆ ಇದೆಯೇ? ಬ್ರಿಟನ್ನಿನಲ್ಲಿ 2013ರಿಂದ 2015ರವರೆಗೆ ನಡೆದ ‘ಮೈ ಎಲೆಕ್ಟ್ರಿಕ್ ಅವೆನ್ಯೂ’ ಪ್ರಯೋಗ ಆ ಪ್ರಶ್ನೆಯನ್ನು ಬೀದಿಯ ತಂತಿಗೆ ಇಳಿಸಿತು. ಶೇ 40ರಿಂದ 70ರಷ್ಟು ಮನೆಗಳಿಗೆ ವಿದ್ಯುತ್ ಕಾರು ಬಂದರೆ ಸುಮಾರು ಮೂರನೇ ಒಂದು ಭಾಗದಷ್ಟು ಸ್ಥಳೀಯ ಲೈನುಗಳನ್ನು ಬಲಪಡಿಸಬೇಕಾಗುತ್ತದೆ ಎಂದು ಅದು ಕಂಡುಕೊಂಡಿತು. ಕೊರತೆ ವಿದ್ಯುತ್ ಸ್ಥಾವರದಲ್ಲಲ್ಲ, ನಮ್ಮಲ್ಲಿ ಟಿ.ಸಿ. ಎನ್ನುವ ಕೊನೆಯ ಟ್ರಾನ್ಸ್‌ಫಾರ್ಮರಿನಲ್ಲಿತ್ತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಈ ಮಾತು ಎಚ್‌.ಪಿ. ಲೆಕ್ಕದಲ್ಲಿ ಬೇಗ ಅರ್ಥವಾಗುತ್ತದೆ. ಒಂದು ಎಚ್‌.ಪಿ. ಎಂದರೆ 746 ವಾಟ್. ಸ್ಕೂಟರ್ ಚಾರ್ಜರ್ ಹೆಚ್ಚುಕಡಿಮೆ ಒಂದು ಎಚ್‌.ಪಿ. ಮೋಟಾರಿನಷ್ಟು ಎಳೆಯುತ್ತದೆ, ಅದು ದೊಡ್ಡ ಹೊರೆಯಲ್ಲ. 15 ಆಂಪಿಯರ್ ಪ್ಲಗ್ಗಿಗೆ ಹಾಕಿದ ಕಾರು 3.3 ಕಿಲೋವಾಟ್, ಅಂದರೆ ನಾಲ್ಕೂವರೆ ಎಚ್‌.ಪಿ. ಗೋಡೆಗೆ ಕೂರಿಸುವ 7.2 ಕಿಲೋವಾಟ್ ಚಾರ್ಜರ್ ಹತ್ತು ಎಚ್‌.ಪಿ.ಗೆ ತುಸುವೇ ಕಡಿಮೆ. ವ್ಯತ್ಯಾಸವೊಂದಿದೆ: ಕೊಳವೆಬಾವಿಯ ಮೋಟಾರು ಮೂರು ಫೇಸಿಗೂ ಹೊರೆ ಹಂಚುತ್ತದೆ, ಈ ಚಾರ್ಜರ್ ಪೂರ್ತಿ ಒಂದೇ ಫೇಸಿನ ಮೇಲೆ ಕೂರುತ್ತದೆ. 25 ಕೆ.ವಿ.ಎ. ಟಿ.ಸಿ.ಯಲ್ಲಿ ಒಂದು ಫೇಸಿನ ಪಾಲು ಸುಮಾರು 8.3 ಕೆ.ವಿ.ಎ. ಒಂದೇ ಕಾರು ಅದನ್ನು ಬಹುಪಾಲು ನುಂಗಿದರೆ ಅದೇ ಫೇಸಿನ ಉಳಿದ ಮನೆಗಳ ವೋಲ್ಟೇಜ್ ಕುಸಿಯುತ್ತದೆ, ನ್ಯೂಟ್ರಲ್ ತಂತಿ ಕಾಯುತ್ತದೆ. ಕರೆಂಟು ಇಮ್ಮಡಿಯಾದರೆ ತಂತಿಯಲ್ಲಿ ಆಗುವ ನಷ್ಟ ನಾಲ್ಕು ಪಟ್ಟು.

ತೋಟದ ಮನೆಗಳ ಸ್ಥಿತಿ ಇನ್ನೂ ಸೂಕ್ಷ್ಮ. ನಿರಂತರ ಜ್ಯೋತಿ ಯೋಜನೆ ಊರಿನ ಮನೆಗಳ ಫೀಡರನ್ನು ಪಂಪ್‌ಸೆಟ್ ಫೀಡರಿನಿಂದ ಬೇರ್ಪಡಿಸಿತು. ಆದರೆ ತೆಂಗಿನ ನಡುವೆಯೇ ಮನೆ ಮಾಡಿಕೊಂಡ ಅನೇಕರು ಪಂಪ್‌ಸೆಟ್ ಲೈನಿನಲ್ಲೇ ಉಳಿದರು. ಅಲ್ಲಿ ಮೂರು ಫೇಸ್ ಕೆಲವು ಗಂಟೆ ಮಾತ್ರ, ರಾತ್ರಿ ದೀಪಕ್ಕೆಂದು ಸಿಂಗಲ್ ಫೇಸ್. ಕನ್ವರ್ಟರ್ ಹಾಕಿ ಅದರಲ್ಲೇ ಮೋಟಾರು ಓಡಿಸುವ ರೂಢಿಯಿಂದ ಬಳಲುವ ಈ ಲೈನಿಗೆ ರಾತ್ರಿಯಿಡೀ ಚಾರ್ಜರ್ ಕೂಡಿಸುವುದು ಟಿ.ಸಿ. ಸುಡುವ ದಾರಿ. ಅಟ್ಟದ ತುಂಬ ಕೊಬ್ಬರಿಗೆಂದು ಕಾಯಿ ಪೇರಿಸಿಟ್ಟ ಹಳೆಯ ಮನೆಯ ವೈರಿಂಗ್ ಕೂಡ ಗಂಟೆಗಟ್ಟಲೆ 15 ಆಂಪಿಯರ್ ಹೊರುವಂತಿರಬೇಕು, ಅರ್ಥಿಂಗ್ ಸರಿಯಿರಬೇಕು. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಟಿ.ಸಿ. ಬದಲಿಸುವುದಕ್ಕಿಂತ ಚಾರ್ಜ್ ಮಾಡುವ ಹೊತ್ತು ಬದಲಿಸುವುದು ಅಗ್ಗ ಎಂಬುದು ಈ ಕ್ಷೇತ್ರದ ಮುಂದಿನ ತಿಳಿವು. ಆದರೆ ಅಗ್ಗದ ದರ ಶುರುವಾದ ಕ್ಷಣಕ್ಕೇ ಎಲ್ಲರೂ ಚಾರ್ಜಿಗೆ ಹಾಕಿದರೆ ಹೊಸದೊಂದು ನೂಕುನುಗ್ಗಲು. ಅದಕ್ಕೇ ಬ್ರಿಟನ್ 2022ರಲ್ಲಿ ಜಾರಿಗೆ ಬಂದ ನಿಯಮದಲ್ಲಿ ಹೊಸ ಮನೆ ಚಾರ್ಜರುಗಳು ಹತ್ತು ನಿಮಿಷದವರೆಗೆ ಹಿಂದುಮುಂದಾಗಿ ಚಾಲೂ ಆಗಬೇಕೆಂದಿತು. ಭಾರತ 2023ರಲ್ಲಿ ಬಿಸಿಲಿನ ಹೊತ್ತಿಗೆ ಕಡಿಮೆ, ಸಂಜೆಗೆ ಹೆಚ್ಚು ಎಂಬ ದರ ನಿಯಮ ತಂದಿತು. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಇದೇ ತುಮಕೂರು ಜಿಲ್ಲೆಯಲ್ಲಿರುವಾಗ ಹಗಲಿನ ಚಾರ್ಜಿಂಗ್ ಇಲ್ಲಿಗೆ ಸಹಜವಾಗಿಯೇ ಒಪ್ಪುತ್ತದೆ. ಆದರೂ 200 ಯೂನಿಟ್‌ವರೆಗಿನ ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆಯಾದ ಮನೆಗೆ ದರದ ಆಸೆ ತಟ್ಟದು. ಅಲ್ಲಿ ತಿಳಿವಳಿಕೆಯೇ ಕೆಲಸ ಮಾಡಬೇಕು.

ವಿದ್ಯುತ್ ಗ್ರಾಹಕರ ನಿಯಮಗಳ 2024ರ ತಿದ್ದುಪಡಿಯಂತೆ ಗ್ರಾಹಕರು ವಾಹನ ಚಾರ್ಜಿಂಗಿಗೆಂದೇ ಪ್ರತ್ಯೇಕ ಸಂಪರ್ಕ ಕೇಳಬಹುದು. ತೋಟದ ಮನೆಯವರು ದೊಡ್ಡ ಚಾರ್ಜರ್ ಕೂರಿಸುವ ಮುನ್ನ ತಮ್ಮ ಟಿ.ಸಿ. ಎಷ್ಟು ಕೆ.ವಿ.ಎ., ಯಾವ ಫೇಸಿನಲ್ಲಿ ಜಾಗವಿದೆ ಎಂದು ಬೆಸ್ಕಾಂ ಶಾಖಾ ಕಚೇರಿಯಲ್ಲಿ ವಿಚಾರಿಸಿ, ಲೋಡ್ ಹೆಚ್ಚಿಸಿಕೊಂಡೇ ಮುಂದುವರಿಯಬೇಕು.