ಸಮುದ್ರವೆಂಬ ಊರಕೆರೆ

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಕುರಕುಂಭ ದಾಟಿದರೆ ಮುಂದೆ ಭಿಗವಣ ಸಿಗುತ್ತದೆ. ಚಳಿಗಾಲದಲ್ಲಿ ಅಲ್ಲಿ ರಾಜಹಂಸಗಳನ್ನು ನೋಡಲು ಜನ ಸೇರುತ್ತಾರೆ. ಆ ನೀರು 1980ರಲ್ಲಿ ಭೀಮಾ ನದಿಗೆ ಕಟ್ಟಿ ಮುಗಿಸಿದ ಉಜನಿ ಅಣೆಕಟ್ಟಿನ ಹಿನ್ನೀರು. ಅಣೆಕಟ್ಟು ಕಟ್ಟಿದ್ದು ಹೊಲಗಳಿಗಾಗಿ. ಹಕ್ಕಿಗಳು ತಾವಾಗಿಯೇ ಬಂದವು. ಇಂಥದೇ ಕಥೆ, ಇದಕ್ಕಿಂತ ಬಹಳ ಹಳೆಯದೂ ಚಿಕ್ಕದೂ ಆದ ಮಣ್ಣಿನ ಏರಿಯೊಂದರ ಹಿಂದೆ ನಡೆದಿದೆ: ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ.

ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ ಈ ಕೆರೆಯ ವಿಸ್ತಾರ 244 ಎಕರೆ. ಇಷ್ಟಕ್ಕೆ ‘ಸಮುದ್ರ’ ಎಂಬ ಹೆಸರೇ ಎಂದು ಹೊಸಬರಿಗೆ ಅನ್ನಿಸಬಹುದು. ಮಳೆ ಕಡಿಮೆಯಾದ ಬಯಲುಸೀಮೆಯಲ್ಲಿ ಕೆರೆ ಕಟ್ಟಿಸಿದವರು ಅದನ್ನು ಸಮುದ್ರ, ಸಾಗರ ಎಂದೇ ಕರೆದರು. ಎಷ್ಟೋ ಕಡೆ ಕೆರೆಯ ಹೆಸರೇ ಊರಿನ ಹೆಸರಾಗಿ ಉಳಿಯಿತು.

ಕೆರೆ ಎಂಥದಿರಬೇಕು ಎಂಬ ಲೆಕ್ಕವೂ ಅವರಲ್ಲಿತ್ತು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ ಕೆರೆಯ ಬಳಿ 1369ರ ಸಂಸ್ಕೃತ ಶಾಸನವಿದೆ. ಅದು ಒಳ್ಳೆಯ ಕೆರೆಗೆ 12 ಅಂಗಗಳನ್ನೂ 6 ದೋಷಗಳನ್ನೂ ಹೇಳುತ್ತದೆ. ಏರಿ ಜಿನುಗುವುದು, ಸವುಳು ನೆಲ, ಕೆರೆಯ ನಡುವೆ ದಿಬ್ಬ, ನೀರು ಕಡಿಮೆಯಿದ್ದು ಉಣಿಸಬೇಕಾದ ನೆಲ ಹೆಚ್ಚಿರುವುದು ಆ ದೋಷಗಳಲ್ಲಿ ಕೆಲವು.

ಕೆರೆಯ ನಡುವೆ ನೀರಿನ ಜಾಗ ತಿನ್ನುವ ಯಾವುದೂ ಕಟ್ಟುವವನ ಕಣ್ಣಿಗೆ ನಷ್ಟವೇ. ಅಂಕಸಮುದ್ರದಲ್ಲಿ ಹಕ್ಕಿಗಳನ್ನು ಕರೆತಂದದ್ದು ಮಾತ್ರ ಅಂಥ ನಷ್ಟವೇ. ಕೆರೆಯಂಗಳದಲ್ಲಿ ಕರಿಜಾಲಿ ಮರಗಳು ಬೆಳೆದಿವೆ. ಕೆರೆ ತುಂಬಿದಾಗ ಬುಡ ಮುಳುಗಿ ಪ್ರತಿ ಮರವೂ ಒಂದು ನಡುಗಡ್ಡೆಯಾಗುತ್ತದೆ. ನಾಯಿ, ನರಿ, ಕಾಡುಬೆಕ್ಕುಗಳಿಗೆ ಗೂಡು ಎಟುಕುವುದಿಲ್ಲ. ಮರಿಗಳಿಗೆ ಬೇಕಾದ ಮೀನು ಕೆಳಗಿನ ನೀರಿನಲ್ಲೇ ಇದೆ. ಇಲ್ಲಿ 41 ಬಗೆಯ ಮೀನು, 240 ಬಗೆಯ ಹಕ್ಕಿಗಳು ದಾಖಲಾಗಿವೆ. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು ಸೇರಿ 30,000ಕ್ಕೂ ಹೆಚ್ಚು ನೀರಹಕ್ಕಿಗಳಿಗೆ ಇದು ಗೂಡೂ ಹೌದು, ರಾತ್ರಿಯ ತಂಗುದಾಣವೂ ಹೌದು.

2017ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಾದ ತಿದ್ದುಪಡಿಯಿಂದ ಬಂದ ವರ್ಗ ಇದು. ಇದರಲ್ಲಿ ಊರವರನ್ನು ಕೇಳಿಯೇ ಘೋಷಣೆ ಮಾಡಬೇಕು. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ಇರಬೇಕು. ನೀರು ಬಳಸುತ್ತಲೇ ಇರುವ ಕೆರೆಗೆ ಇದೇ ಸರಿಯಾದ ದಾರಿ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯೊಂದಿಗೆ ಅಂಕಸಮುದ್ರವೂ ರಾಮ್ಸಾರ್ ಪಟ್ಟಿ ಸೇರಿತು.

ಶಾಸನ ಹೇಳಿದ ನೀರಿನ ಕೊರತೆಯ ದೋಷ ಮಾತ್ರ ಇನ್ನೂ ಬಾಗಿಲಲ್ಲೇ ಇದೆ. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತಿದರೆ ನಡುಗಡ್ಡೆಗಳು ಮತ್ತೆ ಬರೀ ಜಾಲಿ ಮರಗಳಾಗುತ್ತವೆ. ಮೀನು ಮುಗಿಯುತ್ತದೆ, ನಾಯಿ ನಡೆದೇ ಬರುತ್ತದೆ. ಅದೇ ವರ್ಷ ಹೊಲಕ್ಕೂ ಆ ನೀರೇ ಬೇಕು. ಹಳೆಯ ಲೆಕ್ಕದಲ್ಲಿ ನೀರು ಮತ್ತು ನೆಲ ಎಂಬ ಎರಡೇ ಅಂಕಣಗಳಿದ್ದವು. ಈಗ ಗೂಡಿನದೂ ಒಂದು ಸೇರಿದೆ. ತೂಬು ಎತ್ತುವಾಗ ಎಷ್ಟು ನೀರು ಉಳಿಸಬೇಕೆಂಬುದನ್ನು ಮೂರನ್ನೂ ನೋಡಿಯೇ ತೀರ್ಮಾನಿಸಬೇಕು.